ಯಾಕೆ ಮುಖ ಸಪ್ಪಗಿದೆ? ಮುಖ ನೋಡಿ ಭಾವನೆ ಗುರುತಿಸುವ ಅಭ್ಯಾಸ

ಶಾಲೆ ಬಿಟ್ಟು ಮಗು ಮನೆಗೆ ಬರುತ್ತದೆ. ಚೀಲ ಮೂಲೆಗಿಟ್ಟು ಕೈಕಾಲು ತೊಳೆಯುತ್ತದೆ. ಇನ್ನೂ ಒಂದು ಮಾತೂ ಆಡಿಲ್ಲ. ಅಷ್ಟರಲ್ಲೇ ಅಡುಗೆಮನೆ ಬಾಗಿಲಲ್ಲಿ ನಿಂತ ಅಜ್ಜಿ ಕೇಳುತ್ತಾರೆ, "ಯಾಕೋ, ಮುಖ ಸಪ್ಪಗಿದೆ?"

ಅಜ್ಜಿ ಏನು ನೋಡಿದರು? ಅವರನ್ನೇ ಕೇಳಿದರೆ "ನೋಡಿದ್ರೆ ಗೊತ್ತಾಗುತ್ತಪ್ಪ" ಅನ್ನುತ್ತಾರೆ. ಆದರೆ ಅವರ ಕಣ್ಣು ಒಂದಿಷ್ಟು ಗುರುತುಗಳನ್ನು ಹಿಡಿದಿರುತ್ತದೆ. ಹುಬ್ಬಿನ ಒಳತುದಿ ಒಂಚೂರು ಮೇಲೆದ್ದಿತ್ತು. ರೆಪ್ಪೆ ಭಾರವಾಗಿತ್ತು. ಬಾಯಿಯ ಅಂಚು ಕೆಳಕ್ಕೆ ಜಾರಿತ್ತು. ಈ ಗುರುತುಗಳನ್ನು ನಾವೂ ಬೇಕೆಂದೇ ನೋಡಲು ಕಲಿಯಬಹುದು.

ನಾನು ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತೇನೆ. ದಿನಾ ಹತ್ತಾರು ಮುಖ ಎದುರಿಗಿರುತ್ತವೆ. ಇಷ್ಟು ವರ್ಷದಲ್ಲಿ ನನಗೆ ಖಾತ್ರಿಯಾದದ್ದು ಇದು: ಏನೋ ಆಗಿದೆ ಅಂತ ಮುಖ ಹೇಳುತ್ತದೆ. ಯಾಕೆ ಆಗಿದೆ ಅನ್ನುವುದನ್ನು ನಾವೇ ಕೇಳಿ ತಿಳಿಯಬೇಕು. ಕೆಳಗಿನ ಹೆಜ್ಜೆಗಳನ್ನೆಲ್ಲ ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಿ.

ಆರು ಭಾವನೆಗಳ ಲೆಕ್ಕ

ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಎಕ್ಮನ್ 1967 ಮತ್ತು 1968ರಲ್ಲಿ ಪಪುವಾ ನ್ಯೂಗಿನಿಯ ಬೆಟ್ಟಗಳಿಗೆ ಹೋದರು. ಅಲ್ಲಿ ಫೋರೆ ಎಂಬ ಜನರಿದ್ದಾರೆ. ಅವರಲ್ಲಿ ಸಿನಿಮಾ, ಪತ್ರಿಕೆ ಕಾಣದವರನ್ನೇ ಆರಿಸಿ ಎಕ್ಮನ್ ಅವರಿಗೆ ಪುಟ್ಟ ಪುಟ್ಟ ಕಥೆ ಹೇಳಿಸಿದರು. ಒಬ್ಬನ ಮಗು ಸತ್ತಿದೆ. ಒಬ್ಬನ ಗೆಳೆಯರು ಬಂದಿದ್ದಾರೆ. ಒಬ್ಬ ಮನೆಯಲ್ಲಿ ಒಂಟಿಯಾಗಿದ್ದಾನೆ, ಕೈಯಲ್ಲಿ ಕೊಡಲಿಯೂ ಇಲ್ಲ, ಬಾಗಿಲಲ್ಲಿ ಕಾಡುಹಂದಿ ನಿಂತಿದೆ. ಆಮೇಲೆ ಫೋಟೋಗಳನ್ನು ಮುಂದಿಟ್ಟು, ಈ ಕಥೆಗೆ ಯಾವ ಮುಖ ಅಂತ ಕೇಳಿದರು. ಬಹಳಷ್ಟು ಜನ ನಾವೂ ನೀವೂ ತೋರಿಸುವ ಮುಖವನ್ನೇ ತೋರಿಸಿದರು. ಅಲ್ಲಿಂದ ಸಂತೋಷ, ದುಃಖ, ಕೋಪ, ಭಯ, ಅಸಹ್ಯ, ಅಚ್ಚರಿ ಎಂಬ ಆರು ಮೂಲ ಭಾವನೆಗಳ ಪಟ್ಟಿ ಹೆಸರಾಯಿತು. ತಿರಸ್ಕಾರ ಆಮೇಲೆ ಸೇರಿತು.

ಈ ಪಟ್ಟಿ ನಮಗೆ ಹೊಸದೇನಲ್ಲ. ನಾಟ್ಯಶಾಸ್ತ್ರ ಎಂಟು ಸ್ಥಾಯಿಭಾವ, ಅಂದರೆ ಮನಸ್ಸಿನಲ್ಲಿ ನೆಲೆನಿಂತ ಭಾವಗಳನ್ನು ಹೇಳುತ್ತದೆ: ರತಿ, ಹಾಸ, ಶೋಕ, ಕ್ರೋಧ, ಉತ್ಸಾಹ, ಭಯ, ಜುಗುಪ್ಸೆ, ವಿಸ್ಮಯ. ರತಿ ಮತ್ತು ಉತ್ಸಾಹ ಬಿಟ್ಟರೆ ಉಳಿದ ಆರೂ ಎಕ್ಮನ್ ಪಟ್ಟಿಗೆ ತೀರಾ ಹತ್ತಿರ. ಭರತನಾಟ್ಯ ಕಲಿಯುವ ಮಕ್ಕಳು ಇವನ್ನು ಹುಬ್ಬು, ಕಣ್ಣು, ತುಟಿ ಅಂತ ಬಿಡಿಸಿ ಅಭ್ಯಾಸ ಮಾಡುತ್ತಾರೆ. ಯಕ್ಷಗಾನದಲ್ಲಿ ಹಿಂದೆ ದೊಂದಿ ಬೆಳಕಿನಲ್ಲಿ ದೂರ ಕೂತವರಿಗೂ ಕಾಣುವಂತೆ ಹುಬ್ಬು, ಕಣ್ಣು ದಪ್ಪಗೆ ಬರೆಯುತ್ತಿದ್ದರು. ಮನೆಯಲ್ಲಿ, ಬಸ್ಸಿನಲ್ಲಿ, ಆಫೀಸಿನಲ್ಲಿ ಕಾಣುವ ಮುಖದಲ್ಲಿ ಅದೇ ಚಲನೆ ಹತ್ತರಲ್ಲಿ ಒಂದು ಪಾಲು ಇರುತ್ತದೆ, ಅಷ್ಟೇ.

ಮೊದಲ ಹೆಜ್ಜೆ: ಮಾಮೂಲಿ ಮುಖ ಹೇಗಿರುತ್ತೆ ನೋಡಿಟ್ಟುಕೊಳ್ಳಿ

ಎಲ್ಲರೂ ತಪ್ಪಿಸಿಕೊಳ್ಳುವ ಹೆಜ್ಜೆ ಇದೇ. ಕೆಲವರ ಬಾಯಿಯ ಅಂಚು ಹುಟ್ಟಿನಿಂದಲೇ ಕೆಳಗೆ ಬಾಗಿರುತ್ತದೆ. ಕೆಲವರ ಹುಬ್ಬು ಕಣ್ಣಿಗೆ ತುಂಬಾ ಹತ್ತಿರ ಇರುತ್ತದೆ. ಸುಮ್ನೆ ಕೂತಿದ್ದರೂ ಅವರು ಸಿಟ್ಟಾದಂತೆ ಕಾಣುತ್ತಾರೆ. ಹಾಗಾಗಿ ಒಬ್ಬರು ಪೇಪರ್ ಓದುವಾಗ, ತರಕಾರಿ ಹೆಚ್ಚುವಾಗ, ಕಿಟಕಿ ಆಚೆ ನೋಡುವಾಗ ಮುಖ ಹೇಗಿರುತ್ತದೆ ಅಂತ ಮೊದಲು ಗಮನಿಸಿ. ಆಮೇಲೆ ಆ ಮುಖದಲ್ಲಿ ಏನು ಬದಲಾಯಿತು ಅಂತ ನೋಡಿ. ಬದಲಾವಣೆಯೇ ನಿಮಗೆ ಬೇಕಾದ ಸುದ್ದಿ.

ನಮ್ಮ ದೊಡ್ಡಪ್ಪನ ವಿಷಯದಲ್ಲಿ ನಾವು ಇದನ್ನು ತಡವಾಗಿ ಕಲಿತೆವು. ಒಂದು ವರ್ಷದಿಂದ ಅವರ ಮುಖದಲ್ಲಿ ನಗುವೇ ಇರಲಿಲ್ಲ. ಮೊಮ್ಮಗಳು ಬಂದು ಕುಣಿದರೂ ಮುಖ ಅಲ್ಲಾಡುತ್ತಿರಲಿಲ್ಲ. ಅವರಿಗೆ ನಮ್ಮ ಮೇಲೆ ಏನೋ ಬೇಸರ ಅಂದುಕೊಂಡು ಮನೆಮಂದಿ ದೂರವೇ ಉಳಿದರು. ಕೊನೆಗೆ ಗೊತ್ತಾದದ್ದು ಪಾರ್ಕಿನ್ಸನ್ ಕಾಯಿಲೆ. ಆ ಕಾಯಿಲೆಯಲ್ಲಿ ಮುಖದ ಸ್ನಾಯುಗಳ ಚಲನೆ ಕಡಿಮೆಯಾಗಿ ಮುಖ ಮುಖವಾಡದಂತೆ ಕಾಣುತ್ತದೆ. ಒಳಗಿನ ಪ್ರೀತಿ ಹಾಗೇ ಇರುತ್ತದೆ. ವಯಸ್ಸಾದವರ ಮುಖ ತಿಂಗಳುಗಟ್ಟಲೆ ಹೀಗೆ ಕಳೆಗುಂದಿದ್ದರೆ, ಮಾತು ಮೆಲ್ಲಗಾಗಿದ್ದರೆ, ನಡಿಗೆ ನಿಧಾನವಾಗಿದ್ದರೆ ದಯವಿಟ್ಟು ವೈದ್ಯರಿಗೆ ತೋರಿಸಿ. ಮುಖದ ಒಂದೇ ಬದಿ ಇದ್ದಕ್ಕಿದ್ದಂತೆ ಜೋತುಬಿದ್ದರೆ ಭಾವನೆ ಲೆಕ್ಕ ಹಾಕುತ್ತಾ ಕೂರಬೇಡಿ. ಅದು ಪಾರ್ಶ್ವವಾಯು ಇರಬಹುದು, ಆ ಕ್ಷಣವೇ ಆಸ್ಪತ್ರೆಗೆ ಹೋಗಿ.

ಎರಡನೇ ಹೆಜ್ಜೆ: ಕನ್ನಡಿ ಮುಂದೆ ನಿಲ್ಲಿ

ಮುಖವನ್ನು ಮೂರು ಪಾಲು ಮಾಡಿಕೊಳ್ಳಿ. ಹಣೆ ಮತ್ತು ಹುಬ್ಬು ಒಂದು. ಕಣ್ಣು, ರೆಪ್ಪೆ, ಮೂಗಿನ ಬುಡ ಇನ್ನೊಂದು. ಕೆನ್ನೆ, ಬಾಯಿ, ಗದ್ದ ಮೂರನೆಯದು. ಈಗ ಒಂದೊಂದೇ ಪಾಲು ಅಲ್ಲಾಡಿಸಿ ನೋಡಿ. ಹುಬ್ಬು ಗಂಟಿಕ್ಕಿ. ಹುಬ್ಬೇರಿಸಿ. ಕಣ್ಣರಳಿಸಿ. ಮೂಗು ಮುರಿಯಿರಿ. ತುಟಿ ಕೊಂಕಿಸಿ. ಹಲ್ಲು ಕಿರಿಯಿರಿ. ಗಮನಿಸಿದಿರಾ? ಮುಖದ ಚಲನೆಗಳಿಗೆಲ್ಲ ಕನ್ನಡದಲ್ಲಿ ಆಗಲೇ ಹೆಸರುಗಳಿವೆ. ಇವನ್ನು ಸುಮ್ಮನೆ ನುಡಿಗಟ್ಟು ಅಂದುಕೊಳ್ಳಬೇಡಿ. ನಮ್ಮ ಹಿರಿಯರು ಮುಖ ನೋಡಿ ನೋಡಿ ಬರೆದಿಟ್ಟ ಟಿಪ್ಪಣಿ ಇದ್ದಂತೆ.

ಎಕ್ಮನ್ ಮತ್ತು ಅವರ ಜೊತೆಗಾರ ವಾಲೇಸ್ ಫ್ರೀಸನ್ ಮಾಡಿದ್ದೂ ಇದನ್ನೇ. ವರ್ಷಗಟ್ಟಲೆ ತಮ್ಮ ಮುಖದ ಒಂದೊಂದು ಸ್ನಾಯುವನ್ನೂ ಅಲ್ಲಾಡಿಸಿ ನೋಡಿ, 1978ರಲ್ಲಿ ಮುಖದ ಚಲನೆಗಳನ್ನು ಅಂಕೆ ಕೊಟ್ಟು ಗುರುತಿಸುವ ಒಂದು ಪದ್ಧತಿ ಪ್ರಕಟಿಸಿದರು. ಸಿಟ್ಟು, ಸಂಕಟದ ಮುಖಗಳನ್ನು ಅಭ್ಯಾಸ ಮಾಡಿದ ದಿನ ತಮ್ಮ ಮನಸ್ಸೂ ಕೆಟ್ಟಿರುತ್ತಿತ್ತು ಅಂತ ಅವರು ಆಮೇಲೆ ಹೇಳಿದರು. ನೀವೂ ದುಃಖದ ಮುಖ ಮಾಡಿ ಒಂದು ನಿಮಿಷ ಹಾಗೇ ಇರಿ. ಒಳಗೆ ಏನೋ ಭಾರ ಅನ್ನಿಸಬಹುದು.

ದಿನಕ್ಕೆ ಐದು ನಿಮಿಷ, ಒಂದು ವಾರ ಸಾಕು. ನಿಮ್ಮ ಮುಖದ ಯಾವ ಭಾಗ ಎಲ್ಲಿಗೆ ಎಳೆಯುತ್ತದೆ ಅಂತ ಗೊತ್ತಾದರೆ ಬೇರೆಯವರ ಮುಖದಲ್ಲಿ ಅದು ಬೇಗ ಕಣ್ಣಿಗೆ ಬೀಳುತ್ತದೆ.

ಮೂರನೇ ಹೆಜ್ಜೆ: ಒಂದೊಂದೇ ಭಾವನೆ

ಸಂತೋಷದಿಂದ ಶುರು ಮಾಡೋಣ. ಎಲ್ಲರೂ ಬಾಯಿ ನೋಡುತ್ತಾರೆ. ನೀವು ಕಣ್ಣು ನೋಡಿ. 1862ರಲ್ಲಿ ಫ್ರಾನ್ಸಿನ ವೈದ್ಯ ಡುಶೆನ್ ಒಬ್ಬ ಮುದುಕನ ಕೆನ್ನೆಗೆ ಸಣ್ಣದಾಗಿ ವಿದ್ಯುತ್ ಹಾಯಿಸಿ ತೆಗೆಸಿದ ಫೋಟೋಗಳನ್ನು ಪ್ರಕಟಿಸಿದರು. ತುಟಿಯ ಅಂಚು ಮೇಲೆದ್ದಿತು, ಆದರೆ ಅದು ನಗುವಿನಂತೆ ಕಾಣಲಿಲ್ಲ. ಮನಸ್ಸಿನಿಂದ ಬಂದ ನಗುವಿನಲ್ಲಿ ಕಣ್ಣಿನ ಸುತ್ತಲಿನ ಸ್ನಾಯುವೂ ಬಿಗಿಯಾಗುತ್ತದೆ ಅಂತ ಅವರು ಗುರುತಿಸಿದರು. ಕೆನ್ನೆ ಮೇಲೇರುತ್ತದೆ, ಕಣ್ಣು ಸ್ವಲ್ಪ ಚಿಕ್ಕದಾಗುತ್ತದೆ, ಹೊರ ಅಂಚಿನಲ್ಲಿ ಸುಕ್ಕು ಮೂಡುತ್ತದೆ. ನಾವು ಮುಖ ಅರಳಿತು ಅನ್ನುವುದು ಇದಕ್ಕೇ. ಬರೀ ತುಟಿಯ ನಗುವಿಗೆ ಹಲ್ಲು ಕಿರಿದ ಅನ್ನುತ್ತೇವೆ. 2020ರಲ್ಲಿ ಎಲ್ಲರೂ ಮಾಸ್ಕ್ ಹಾಕಿದ್ದಾಗ ಎದುರಿನವರು ನಕ್ಕದ್ದು ನಮಗೆ ಕಣ್ಣಿನಿಂದಲೇ ತಿಳಿಯುತ್ತಿತ್ತು, ಅಲ್ವಾ?

ಒಂದು ಎಚ್ಚರಿಕೆ. ಜೋರಾಗಿ ಹಲ್ಲು ಬಿಟ್ಟರೆ ಕೆನ್ನೆ ಹೇಗೂ ಮೇಲೇರಿ ಕಣ್ಣಂಚಿನಲ್ಲಿ ಸುಕ್ಕು ಬರುತ್ತದೆ. ಆಗ ಹುಬ್ಬು ಮತ್ತು ರೆಪ್ಪೆಯ ನಡುವಿನ ಚರ್ಮ ನೋಡಿ. ನಿಜವಾದ ನಗುವಿನಲ್ಲಿ ಅದು ಒಂಚೂರು ಕೆಳಗಿಳಿಯುತ್ತದೆ. ಇದನ್ನೂ ಅಭ್ಯಾಸದಿಂದ ತರಬಲ್ಲವರಿದ್ದಾರೆ. ಇನ್ನು ಬಾಗಿಲಿಗೆ ಬಂದವರನ್ನು ನೋಡಿ ಮರ್ಯಾದೆಗೆ ನಗುವ ನಗುವನ್ನು ಸುಳ್ಳು ಅಂತ ದೂರಬೇಡಿ. ಅದೂ ಒಂದು ಒಳ್ಳೆಯ ಮಾತೇ.

ಇಲ್ಲೇ ನಾನು ಮಾಡಿದ ತಪ್ಪನ್ನು ಹೇಳಬೇಕು. ಒಮ್ಮೆ ನಾಲ್ಕನೇ ತರಗತಿಯ ಹುಡುಗನೊಬ್ಬನನ್ನು ಎಲ್ಲರ ಮುಂದೆ ನಿಲ್ಲಿಸಿ ಬೈದೆ. ಅವನು ನಕ್ಕ. "ಬೈದ್ರೆ ನಗ್ತೀಯಾ?" ಅಂತ ಇನ್ನೂ ಜಾಸ್ತಿ ಬೈದೆ. ಅವನ ತುಟಿ ನಗುತ್ತಲೇ ಇತ್ತು, ಕಣ್ಣಲ್ಲಿ ನೀರು ಬಂತು. ಆ ಮುಖ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಅದು ನಾಚಿಕೆಯ ನಗು. ನೋಟ ಕೆಳಗಿಳಿಯುತ್ತದೆ, ತಲೆ ಪಕ್ಕಕ್ಕೆ ತಿರುಗುತ್ತದೆ, ನಗುವನ್ನು ತಡೆಯಲು ತುಟಿ ಒತ್ತಿಕೊಳ್ಳುತ್ತದೆ, ಕೆಲವೊಮ್ಮೆ ಕೈ ಮುಖದ ಹತ್ತಿರ ಹೋಗುತ್ತದೆ. ಸಂತೋಷದ ನಗುವಿನಲ್ಲಿ ಮಗು ಎದುರಿನವರನ್ನು ನೋಡುತ್ತದೆ. ನಾಚಿಕೆಯ ನಗುವಿನಲ್ಲಿ ನೆಲ ನೋಡುತ್ತದೆ. ಮೇಷ್ಟ್ರುಗಳು, ಅಪ್ಪ ಅಮ್ಮಂದಿರು ಈ ಒಂದು ವ್ಯತ್ಯಾಸ ಕಲಿತರೂ ಎಷ್ಟೋ ಮಕ್ಕಳಿಗೆ ಬೈಗುಳ ತಪ್ಪುತ್ತದೆ.

ದುಃಖದ ಗುರುತು ಹುಬ್ಬಿನಲ್ಲಿದೆ. ಒಳತುದಿಗಳು ಮೇಲೆದ್ದು ಹತ್ತಿರ ಬರುತ್ತವೆ, ಹುಬ್ಬುಗಳು ಓರೆಯಾಗುತ್ತವೆ. ಇದನ್ನು ಬೇಕೆಂದೇ ಮಾಡುವುದು ಬಹಳ ಜನಕ್ಕೆ ಆಗುವುದಿಲ್ಲ. ಕನ್ನಡಿ ಮುಂದೆ ನೀವೇ ಪ್ರಯತ್ನಿಸಿ. ಹಾಗಾಗಿ ಇದನ್ನು ಕಂಡರೆ ಸುಲಭವಾಗಿ ತಳ್ಳಿಹಾಕಬೇಡಿ. ಜೊತೆಗೆ ಮೇಲಿನ ರೆಪ್ಪೆ ಇಳಿಬೀಳುತ್ತದೆ, ಬಾಯಿಯ ಅಂಚು ಕೆಳಗಾಗುತ್ತದೆ. ಅಳು ತಡೆಯುತ್ತಿದ್ದರೆ ಗದ್ದದ ಚರ್ಮ ನಿಂಬೆಹಣ್ಣಿನ ಸಿಪ್ಪೆಯಂತೆ ಗುಳಿಗುಳಿಯಾಗುತ್ತದೆ. ಚಿಕ್ಕ ಮಕ್ಕಳಲ್ಲಿ ಕೆಳತುಟಿ ಮುಂದೆ ಬಂದರೆ ಇನ್ನೇನು ಅಳು ಬಂತು ಅಂತಲೇ ಅರ್ಥ.

ಕೋಪದಲ್ಲಿ ಹುಬ್ಬುಗಳು ಕೆಳಗಿಳಿದು ಒಂದಕ್ಕೊಂದು ಹತ್ತಿರವಾಗುತ್ತವೆ. ನೋಟ ನೆಟ್ಟಗಾಗುತ್ತದೆ, ಕೆಕ್ಕರಿಸಿ ನೋಡಿದ ಅನ್ನುತ್ತೇವಲ್ಲ, ಹಾಗೆ. ತುಟಿ ಒತ್ತಿಕೊಂಡು ತೆಳ್ಳಗಾಗುತ್ತದೆ. ನನ್ನ ಅನುಭವದಲ್ಲಿ ಈ ತುಟಿಯೇ ಎಲ್ಲಕ್ಕಿಂತ ಮೊದಲು ಕಾಣುವ ಗುರುತು. ದೊಡ್ಡವರ ಮುಂದೆ ಸಿಟ್ಟು ತೋರಿಸಬಾರದು ಅಂತ ಬೆಳೆದ ನಮ್ಮಂಥ ಮನೆಗಳಲ್ಲಿ ಹುಬ್ಬು ಅಲ್ಲಾಡದೆ ಇರಬಹುದು, ಧ್ವನಿಯೂ ಮೆಲ್ಲಗಿರಬಹುದು. ತುಟಿ ಮಾತ್ರ ತೆಳ್ಳಗಾಗಿರುತ್ತದೆ. ಆದರೆ ಹುಬ್ಬು ಗಂಟಿಕ್ಕಿದ್ದೆಲ್ಲ ಕೋಪವೂ ಅಲ್ಲ. ಲೆಕ್ಕ ಮಾಡುವಾಗ, ಬಿಸಿಲಲ್ಲಿ ನಡೆಯುವಾಗ, ತಲೆ ನೋಯುವಾಗಲೂ ಹುಬ್ಬು ಗಂಟಾಗುತ್ತದೆ. ಬೋರ್ಡ್ ನೋಡುವಾಗಲೆಲ್ಲ ಮಗು ಕಣ್ಣು ಕಿರಿದು ಮಾಡಿ ಹುಬ್ಬು ಗಂಟಿಕ್ಕಿದರೆ ಕಣ್ಣು ಪರೀಕ್ಷೆ ಮಾಡಿಸಿ. ಅದಕ್ಕೆ ಕನ್ನಡಕ ಬೇಕಿರಬಹುದು.

ಕೋಪಕ್ಕೂ ಅಸಹ್ಯಕ್ಕೂ ಜನ ಎಡವುತ್ತಾರೆ. ಎರಡರಲ್ಲೂ ಹುಬ್ಬು ಕೆಳಗಿರುತ್ತದೆ. ಬಿಡಿಸಿ ನೋಡಲು ಮೂಗಿಗೆ ಹೋಗಿ. ಅಸಹ್ಯದಲ್ಲಿ ಮೂಗಿನ ಬುಡ ಸುಕ್ಕಾಗುತ್ತದೆ, ಮೇಲ್ತುಟಿ ಎದ್ದು ಬರುತ್ತದೆ. ಹಳಸಿದ ಸಾರು ಮೂಸಿದಾಗ ಮುಖ ಸಿಂಡರಿಸುತ್ತೀರಲ್ಲ, ಅದೇ. ಹೀಗೆ ಮಾಡಿದಾಗ ಮೂಗಿನೊಳಗೆ ಹೋಗುವ ಗಾಳಿ ನಿಜಕ್ಕೂ ಕಡಿಮೆಯಾಗುತ್ತದೆ ಅಂತ ಪರೀಕ್ಷೆಗಳು ತೋರಿಸಿವೆ. ಭಯದ ಮುಖದಲ್ಲಿ ಇದಕ್ಕೆ ತಿರುಗುಮುರುಗು: ಕಣ್ಣಿಗೆ ಕಾಣುವ ಜಾಗ ಹೆಚ್ಚುತ್ತದೆ, ಮೂಗಿಗೆ ಗಾಳಿ ಜಾಸ್ತಿ ಬರುತ್ತದೆ. ತಿರಸ್ಕಾರ ಇವೆರಡಕ್ಕಿಂತ ಸುಲಭ. ತುಟಿಯ ಒಂದೇ ಅಂಚು ಬಿಗಿಯಾಗಿ ಕೊಂಕುತ್ತದೆ.

ಭಯವನ್ನೂ ಅಚ್ಚರಿಯನ್ನೂ ಬೇರೆ ಮಾಡುವುದು ಇನ್ನೂ ಕಷ್ಟ. ಎಕ್ಮನ್ ಕಥೆ ಹೇಳಿದ ಫೋರೆ ಜನರಿಗೂ ಅದೇ ತೊಡಕಾಯಿತು. ಕಾಡುಹಂದಿಯ ಕಥೆಗೆ ಅವರು ಭಯದ ಮುಖ, ಅಚ್ಚರಿಯ ಮುಖ ಎರಡನ್ನೂ ಬೆರೆಸಿಬಿಟ್ಟರು. ಯೋಚಿಸಿದರೆ ಅದರಲ್ಲಿ ತಪ್ಪೇನಿದೆ? ಬಾಗಿಲಲ್ಲಿ ಹಂದಿ ಕಂಡವನಿಗೆ ಎರಡೂ ಆಗಿರುತ್ತದೆ.

ಗುರುತುಗಳು ಇವು. ಅಚ್ಚರಿಯಲ್ಲಿ ಹುಬ್ಬು ಬಿಲ್ಲಿನಂತೆ ಬಾಗಿ ಮೇಲೇರುತ್ತದೆ, ಗದ್ದ ಸಡಿಲವಾಗಿ ಇಳಿಯುತ್ತದೆ. ಬಾಯಿ ಬಿಟ್ಟುಕೊಂಡು ನಿಂತ ಅನ್ನುವುದು ಇದಕ್ಕೇ. ಭಯದಲ್ಲಿ ಹುಬ್ಬು ಮೇಲೇರಿದರೂ ಒಂದರ ಹತ್ತಿರ ಒಂದು ಎಳೆದುಕೊಂಡು ನೆಟ್ಟಗಾಗುತ್ತದೆ. ಕಣ್ಣಿನ ಕಪ್ಪುಭಾಗದ ಮೇಲ್ಬದಿಯಲ್ಲೂ ಬಿಳಿ ಕಾಣುತ್ತದೆ, ಕೆಳರೆಪ್ಪೆ ಬಿಗಿಯಾಗಿರುತ್ತದೆ. ತುಟಿಗಳು ಕಿವಿಯ ಕಡೆಗೆ ಅಡ್ಡ ಎಳೆಯುತ್ತವೆ. ಅಚ್ಚರಿ ಒಂದೆರಡು ಸೆಕೆಂಡಿನಲ್ಲಿ ಕರಗಿ ಬೇರೆ ಏನೋ ಆಗುತ್ತದೆ. ಭಯ ಅಲ್ಲೇ ಉಳಿಯುತ್ತದೆ.

ಭಯಕ್ಕೆ ಕಣ್ಣೇ ಮುಖ್ಯ ಅನ್ನುವುದಕ್ಕೆ ಅಮೆರಿಕದ ಒಬ್ಬ ಮಹಿಳೆಯ ಉದಾಹರಣೆ ಇದೆ. ವಿಜ್ಞಾನಿಗಳು ಅವರನ್ನು ಎಸ್.ಎಂ. ಎಂದಷ್ಟೇ ಕರೆಯುತ್ತಾರೆ. ಮೆದುಳಿನಲ್ಲಿ ಅಮಿಗ್ಡಾಲ ಎಂಬ ಭಾಗ ಹಾಳಾಗಿದ್ದರಿಂದ ಅವರಿಗೆ ಬೇರೆಯವರ ಮುಖದ ಭಯ ತಿಳಿಯುತ್ತಿರಲಿಲ್ಲ. 2005ರಲ್ಲಿ ಕಾರಣದ ಎಳೆ ಸಿಕ್ಕಿತು. ಅವರು ಫೋಟೋದಲ್ಲಿ ಕಣ್ಣುಗಳ ಕಡೆಗೆ ನೋಡುತ್ತಲೇ ಇರಲಿಲ್ಲ. "ಕಣ್ಣು ನೋಡಿ" ಅಂತ ಹೇಳಿಕೊಟ್ಟಾಗ ಭಯವನ್ನು ಗುರುತಿಸಿದರು. ಹೇಳುವುದು ನಿಲ್ಲಿಸಿದರೆ ಮತ್ತೆ ತಿಳಿಯುತ್ತಿರಲಿಲ್ಲ. ಮೊಬೈಲ್ ನೋಡುತ್ತಾ "ಹೂಂ" ಅನ್ನುವ ನಮಗೂ ಇಲ್ಲಿ ಪಾಠವಿದೆ. ತಲೆ ಎತ್ತದಿದ್ದರೆ ಗೊತ್ತಾಗುವುದು ಹೇಗೆ?

ನಾಲ್ಕನೇ ಹೆಜ್ಜೆ: ಬಂದದ್ದು ಹೇಗೆ, ಹೋದದ್ದು ಹೇಗೆ

ಸಹಜವಾದ ಭಾವ ಮೆಲ್ಲಗೆ ಮೂಡಿ ಮೆಲ್ಲಗೆ ಇಳಿಯುತ್ತದೆ. ಸಾಮಾನ್ಯವಾಗಿ ಅರ್ಧ ಸೆಕೆಂಡಿನಿಂದ 4 ಸೆಕೆಂಡು ಇರುತ್ತದೆ. ತಟ್ಟನೆ ಬಂದು ತಟ್ಟನೆ ನಿಂತುಹೋದ ನಗು, ಹತ್ತು ಸೆಕೆಂಡಾದರೂ ಹಾಗೇ ಅಂಟಿಕೊಂಡಿರುವ ನಗು, ಬೇಕೆಂದು ತಂದದ್ದೇ ಇರಬೇಕು. ಅರ್ಧ ಸೆಕೆಂಡಿಗಿಂತ ಕಡಿಮೆ ಹೊತ್ತು ಮಿಂಚಿ ಮರೆಯಾಗುವ ಭಾವಗಳೂ ಇವೆ. ಅವನ್ನು ಹಿಡಿದು ಸುಳ್ಳು ಪತ್ತೆ ಮಾಡುತ್ತೇನೆ ಅಂತ ಹೊರಡಬೇಡಿ. ಸಿಕ್ಕಿಬೀಳುತ್ತೇನೆ ಅನ್ನುವ ಭಯ, ನಿಜ ಹೇಳಿದರೂ ನಂಬುವುದಿಲ್ಲವೇನೋ ಅನ್ನುವ ಭಯ, ಎರಡೂ ಮುಖದಲ್ಲಿ ಒಂದೇ ಥರ ಕಾಣುತ್ತವೆ. ಮನೆಯವರ ಮೇಲೆ, ಮಕ್ಕಳ ಮೇಲೆ ಇದನ್ನು ಪ್ರಯೋಗಿಸಿ ನಂಬಿಕೆ ಕೆಡಿಸಿಕೊಳ್ಳುವುದು ಬೇಡವೇ ಬೇಡ.

ಐದನೇ ಹೆಜ್ಜೆ: ಮುಖದ ಆಚೆಗೂ ನೋಡಿ

2012ರ ಒಂದು ಅಧ್ಯಯನದಲ್ಲಿ ಟೆನಿಸ್ ಆಟಗಾರರ ಫೋಟೋಗಳನ್ನು ಜನರಿಗೆ ತೋರಿಸಿದರು. ದೊಡ್ಡ ಪಾಯಿಂಟ್ ಗೆದ್ದ ಕ್ಷಣದ್ದು ಕೆಲವು, ಸೋತ ಕ್ಷಣದ್ದು ಕೆಲವು. ಮುಖ ಮಾತ್ರ ತೋರಿಸಿದಾಗ ಯಾರು ಗೆದ್ದರು ಅಂತ ಜನರಿಗೆ ಹೇಳಲಾಗಲಿಲ್ಲ. ಮೈ ಮಾತ್ರ ತೋರಿಸಿದಾಗ ಹೇಳಿದರು. ಭಾವನೆ ತೀರಾ ಜೋರಾದಾಗ ಸುಖ, ಸಂಕಟ ಎರಡರ ಮುಖವೂ ಒಂದೇ ಆಗಿಬಿಡುತ್ತದೆ. ಮಗಳನ್ನು ಧಾರೆ ಎರೆದುಕೊಡುವ ಹೊತ್ತಿನಲ್ಲಿ ತಾಯಿಯ ಮುಖ ನೋಡಿ. ಫೋಟೋದಲ್ಲಿ ಆ ಮುಖವನ್ನಷ್ಟೇ ಕತ್ತರಿಸಿ ತೋರಿಸಿದರೆ ಮದುವೆಮನೆ ಅಂತ ಯಾರಿಗೆ ಗೊತ್ತಾದೀತು?

2019ರಲ್ಲಿ ಮನಶ್ಶಾಸ್ತ್ರಜ್ಞೆ ಲಿಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ನಾಲ್ವರು ವಿಜ್ಞಾನಿಗಳು ಅದುವರೆಗಿನ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಕೋಪ ಬಂದಾಗ ಜನ ಹುಬ್ಬು ಗಂಟಿಕ್ಕುವುದು ಸರಾಸರಿ ಶೇ. 30ಕ್ಕಿಂತ ಕಡಿಮೆ ಸಲ ಅಂತ ಬ್ಯಾರೆಟ್ ಹೇಳುತ್ತಾರೆ. ಉಳಿದ ಸಲ ಅದೇ ಕೋಪ ಅಳುವಾಗಿ, ನಗುವಾಗಿ, ಬರೀ ಮೌನವಾಗಿ ಬರುತ್ತದೆ. ಹಾಗಾದರೆ ಈ ಗುರುತುಗಳೆಲ್ಲ ದಂಡವೇ? ನನಗೆ ಹಾಗನ್ನಿಸುವುದಿಲ್ಲ. ಗುರುತು ಕಂಡರೆ ಅದು ಸುಳಿವು. ಕಾಣದಿದ್ದರೆ ಏನೂ ಆಗಿಲ್ಲ ಅಂತ ಅರ್ಥವಲ್ಲ. ಭುಜ ಇಳಿಬಿದ್ದಿದೆಯಾ, ಮುಷ್ಟಿ ಬಿಗಿದಿದೆಯಾ, ಊಟ ಬಿಟ್ಟಿದ್ದಾರಾ, ಇವತ್ತು ಏನು ನಡೆಯಿತು, ಎಲ್ಲವನ್ನೂ ಸೇರಿಸಿ ನೋಡಿ.

ದೂರದ ದೇಶದಲ್ಲಿರುವ ಮಕ್ಕಳ ಜೊತೆ ವಿಡಿಯೋ ಕಾಲ್‌ನಲ್ಲಿ ಮಾತಾಡುವವರಿಗೆ ಒಂದು ಮಾತು. ಮೊಬೈಲ್‌ನ ಕ್ಯಾಮೆರಾ ಮೇಲಿರುತ್ತದೆ, ಅವರು ನೋಡುವುದು ಕೆಳಗಿನ ಪರದೆ. ಅದಕ್ಕೇ ಕಣ್ಣು ಇಳಿಬಿದ್ದಂತೆ, ಸಪ್ಪಗಿದ್ದಂತೆ ಕಾಣುತ್ತದೆ. ಅಷ್ಟಕ್ಕೇ ರಾತ್ರಿಯಿಡೀ ಚಿಂತೆ ಮಾಡಬೇಡಿ. ಧ್ವನಿ ಹೇಗಿದೆ ಕೇಳಿಸಿಕೊಳ್ಳಿ.

ಅಭ್ಯಾಸಕ್ಕೆ ಧಾರಾವಾಹಿಗಿಂತ ಕ್ರಿಕೆಟ್ ಒಳ್ಳೆಯದು. ಧಾರಾವಾಹಿಯಲ್ಲಿ ಎಲ್ಲ ಭಾವವೂ ದೊಡ್ಡದು, ಮೂರು ಸಲ ಬೇರೆ ತೋರಿಸುತ್ತಾರೆ. ಪಂದ್ಯ ನೋಡುವಾಗ ಟಿವಿಯ ಧ್ವನಿ ತೆಗೆಯಿರಿ. ಕ್ಯಾಚ್ ಬಿಟ್ಟ ಫೀಲ್ಡರ್, ಅವನನ್ನು ನೋಡುವ ಬೌಲರ್, ಇಬ್ಬರ ಮುಖವನ್ನೂ ಗಮನಿಸಿ. ಏನನ್ನಿಸಿತು ಅಂತ ಒಂದು ಪದ ಬರೆದಿಡಿ. ಆಮೇಲೆ ಅದೇ ಕ್ಷಣವನ್ನು ಧ್ವನಿ ಹಾಕಿ ನೋಡಿ. ಮನೆಯವರೆಲ್ಲ ಸೇರಿ ಮಾಡಿದರೆ ಒಂದೇ ಮುಖಕ್ಕೆ ಎಷ್ಟು ಬೇರೆ ಬೇರೆ ಪದ ಬರುತ್ತದೆ ಅಂತ ಗೊತ್ತಾಗುತ್ತದೆ.

ಕೊನೆಯ ಹೆಜ್ಜೆ: ಕೇಳಿ

ಇದನ್ನು ಬಿಟ್ಟರೆ ಮೇಲಿನ ಐದೂ ಹೆಜ್ಜೆ ವ್ಯರ್ಥ. ಕೇಳುವಾಗ ಭಾವನೆಗೆ ನೀವೇ ಹೆಸರಿಡಬೇಡಿ. "ಯಾಕೆ ಕೋಪ ಮಾಡ್ಕೊಂಡಿದೀಯ?" ಅಂದರೆ ಇಲ್ಲದ ಕೋಪವೂ ಬರುತ್ತದೆ. ಕಂಡದ್ದನ್ನು ಮಾತ್ರ ಹೇಳಿ. "ಬಂದಾಗಿಂದ ಸುಮ್ನಿದೀಯಲ್ಲ, ಏನಾದ್ರೂ ಆಯ್ತಾ?" ಇಷ್ಟು ಸಾಕು. ಹತ್ತು ಜನರ ಮುಂದೆ ಕೇಳಬೇಡಿ. ಪಕ್ಕದಲ್ಲಿ ಕೂತು, ಬಟಾಣಿ ಸುಲಿಯುತ್ತಲೋ ಬಟ್ಟೆ ಮಡಚುತ್ತಲೋ ಕೇಳಿದರೆ ಉತ್ತರ ಬೇಗ ಬರುತ್ತದೆ. ಮುಖಕ್ಕೆ ಮುಖ ಕೊಟ್ಟು ಕೂತರೆ ಕೆಲವರಿಗೆ ಬಾಯಿ ಕಟ್ಟುತ್ತದೆ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಕಣ್ಣಲ್ಲಿ ಕಣ್ಣಿಟ್ಟು ನೋಡುವುದೇ ಹಿಂಸೆ. ಅವರ ಮುಖ ನೀವು ಕಲಿತ ಗುರುತಿಗೆ ಹೊಂದದೆಯೂ ಇರಬಹುದು. ಅವರಿಗೆ ಚಿತ್ರ ತೋರಿಸಿ ಆರಿಸಲು ಹೇಳಿ, ಇಲ್ಲವೇ ಸುಮ್ಮನೆ ಜೊತೆಗಿರಿ.

"ಏನಿಲ್ಲ" ಅಂದರೆ ಒತ್ತಾಯ ಬೇಡ. "ಸರಿ, ಹೇಳ್ಬೇಕು ಅನ್ಸಿದಾಗ ಹೇಳು, ನಾನಿಲ್ಲೇ ಇರ್ತೀನಿ" ಅನ್ನಿ, ಮತ್ತು ಅಲ್ಲೇ ಇರಿ.

ಆ ನಾಲ್ಕನೇ ತರಗತಿಯ ಹುಡುಗನನ್ನು ಎರಡು ದಿನ ಬಿಟ್ಟು ಮೈದಾನದ ಕಟ್ಟೆಯ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದೆ. ನೋಟ್‌ಬುಕ್ ತಂದಿರಲಿಲ್ಲ ಅಂತ ಬೈದಿದ್ದೆನಲ್ಲ, ಆ ನೋಟ್‌ಬುಕ್ಕನ್ನು ತಂಗಿ ಹರಿದುಹಾಕಿದ್ದಳಂತೆ. ಹೇಳಿದರೆ ಮನೆಯಲ್ಲಿ ಅವಳಿಗೆ ಏಟು ಬೀಳುತ್ತದೆ ಅಂತ ಹೇಳಿರಲಿಲ್ಲ. ಇದನ್ನು ಹೇಳುವಾಗ ಅವನು ಮೊದಲ ಸಲ ನನ್ನ ಮುಖ ನೋಡಿದ.